ಐದು ತೂತು, ಆರು ತೂತು

(ಬಾನುಲಿ ಭಾಷಣ)



ಗುಜರಿ ಅಂಗಡಿಯ ರಾಶಿಯಲ್ಲಿ, ಮುರಿದ ಸೈಕಲ್ಲುಗಳ ನಡುವೆ, ಹಲ್ಲುಚಕ್ರಗಳು ಬಿದ್ದಿರುವುದನ್ನು ತಾವೆಲ್ಲರೂ ನೋಡಿಯೇ ಇರುತ್ತೀರಿ. ಪೆಡಲನ್ನು ತುಳಿದಾಗ ಚೈನನ್ನು ಎಳೆಯುವ ಚಕ್ರ ಅದು. ಅಂಗಡಿಯವರ ಮಾತಿನಲ್ಲಿ ಚೈನ್ ವೀಲ್. ಸೈಕಲ್ಲಿನ ಉಳಿದ ಅಂಗಗಳು ತುಕ್ಕು ಹಿಡಿದು, ಬಾಗಿ, ಬಿರಿದು ಹೋದ ಮೇಲೂ ಈ ಚಕ್ರ ಅನೇಕ ವೇಳೆ ಗಟ್ಟಿಯಾಗಿಯೇ ಉಳಿದಿರುತ್ತದೆ. ತಕ್ಕಡಿಗೆ ಹಾಕಿದರೆ ಅದು ಬರಿಯ ಲೋಹ. ಅದೇ ಚಕ್ರವನ್ನು ವಿದ್ಯುತ್ತಿನಿಂದ ತಿರುಗುವ ಹಬ್ ಮೋಟಾರಿಗೆ ಕೂಡಿಸಿದರೆ ಒಂದು ಗಾಡಿಯ ಭಾರವನ್ನು ಎಳೆಯಬಲ್ಲದು. ಈ ಕೂಡಿಸುವ ಕೆಲಸವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ಎರಡು ಬೇರೆ ವಸ್ತುಗಳನ್ನು ಅಂದಗೆಡದಂತೆ ಕೂಡಿಸುವುದು ಹೇಗೆ ಎಂಬುದನ್ನು ವ್ಯಾಕರಣದಲ್ಲಿ ಸಂಧಿಪ್ರಕರಣ ಎನ್ನುತ್ತಾರೆ. ತರಗತಿಯಲ್ಲಿ ಬಹಳ ವರ್ಷ ನಾನು ಹೇಳಿದ ಪಾಠ ಅದೇ. ಅದೇ ಪಾಠವನ್ನು ಉಕ್ಕಿನಲ್ಲಿ ಮಾಡಿ ತೋರಿಸುವುದನ್ನು ಸೈಕಲ್ ಅಂಗಡಿಯೊಂದರಲ್ಲಿ ಕಂಡೆ. ಆದುದರಿಂದ ಈ ಧೈರ್ಯ.

ಮೊದಲು ಈ ಎರಡು ವಸ್ತುಗಳ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡೋಣ. ಇಂದು ಸೈಕಲ್ಲಿನಲ್ಲಿ ನಾವು ಕಾಣುವ ಬಗೆಯ ರೋಲರ್ ಚೈನಿಗೆ ಹ್ಯಾನ್ಸ್ ರೆನಾಲ್ಡ್ ಎಂಬಾತ ಮ್ಯಾಂಚೆಸ್ಟರಿನಲ್ಲಿದ್ದಾಗ, 1880ರಲ್ಲಿ, ಹಕ್ಕುಪತ್ರ ಪಡೆದನು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತನ್ನ ರೋವರ್ ಸೈಕಲ್ಲನ್ನು ಹೊರತಂದನು. ಸವಾರನ ಕಾಲಿನ ಬಲವನ್ನು ಹಿಂದಿನ ಚಕ್ರಕ್ಕೆ ಚೈನು ಸಾಗಿಸುವ ಏರ್ಪಾಡು ಅದರಲ್ಲಿತ್ತು. ಹತ್ತು ವರ್ಷಗಳ ತರುವಾಯ, 1895ರ ಡಿಸೆಂಬರ್ 31ರಂದು, ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ ಹಿಂದಿನ ಚಕ್ರದ ನಾಭಿಯಲ್ಲಿಯೇ ಮೋಟಾರನ್ನು ಅಡಗಿಸಿಟ್ಟ ಸೈಕಲ್ಲಿಗೆ ಹಕ್ಕುಪತ್ರ ಪಡೆದನು. ಹೀಗೆ ಚೈನಿನ ಸೈಕಲ್ಲೂ ಹಬ್ ಮೋಟಾರೂ ಹೆಚ್ಚು ಕಡಿಮೆ ಒಂದೇ ಕಾಲದ ಕೂಸುಗಳು. ಒಂದು ಲೋಕವನ್ನೆಲ್ಲ ಸುತ್ತಿತು. ಇನ್ನೊಂದು, ಹಗುರವಾದ ಬ್ಯಾಟರಿಗಾಗಿ ಸುಮಾರು ನೂರು ವರ್ಷ ಕಾಯಬೇಕಾಯಿತು.

ಹಬ್ ಮೋಟಾರಿನ ಸ್ವಭಾವವೇ ಬೇರೆ. ಸಾಮಾನ್ಯ ಮೋಟಾರಿನಲ್ಲಿ ಹೊರಗಿನ ಕವಚ ನಿಂತಿರುತ್ತದೆ, ನಡುವಣ ದಂಡ ತಿರುಗುತ್ತದೆ. ಇಲ್ಲಿ ನಡುವಣ ಅಚ್ಚು ನಿಶ್ಚಲ. ಸುತ್ತಣ ಕವಚವೇ ತಿರುಗುತ್ತದೆ. ಆ ಕವಚದ ಅಂಚಿಗೆ ಸ್ಪೋಕುಗಳನ್ನು ಕಟ್ಟಿ, ಅದನ್ನೇ ಚಕ್ರದ ಹಬ್ಬಾಗಿ ಮಾಡಿರುತ್ತಾರೆ. ಚೈನಿನ ಹಂಗಿಲ್ಲದೆ ಚಕ್ರವನ್ನು ತಿರುಗಿಸುವುದಕ್ಕೆಂದೇ ಹುಟ್ಟಿದ ಯಂತ್ರ ಇದು. ಅಂಥದಕ್ಕೆ ಮತ್ತೆ ಹಲ್ಲುಚಕ್ರವನ್ನೂ ಚೈನನ್ನೂ ತೊಡಿಸುವ ಅಗತ್ಯವೇನು ಬಂತು?

ಅಗತ್ಯವನ್ನು ತಂದದ್ದು ಏರು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಮೂರು ಚಕ್ರದ ಸೈಕಲ್ ಗಾಡಿಯಲ್ಲಿ ಕುಡಿಯುವ ನೀರಿನ ಕ್ಯಾನುಗಳನ್ನು ಮನೆಮನೆಗೆ ಹಾಕುವವರೊಬ್ಬರಿದ್ದಾರೆ. ಒಂದೊಂದು ಕ್ಯಾನಿನಲ್ಲಿ 20 ಲೀಟರು. ಎಂಟು ಕ್ಯಾನು ಹೇರಿದರೆ ನೀರೇ 160 ಕಿಲೋ ಆಯಿತು. ಗಾಡಿಯ ತೂಕ, ಅವರ ತೂಕ ಬೇರೆ. ಐವತ್ತು ದಾಟಿದ ಆ ಮನುಷ್ಯ ಒಂದು ದಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, "ಮೇಷ್ಟ್ರೇ, ಏರಿನಲ್ಲಿ ಮಂಡಿ ನನ್ನ ಮಾತು ಕೇಳೋದಿಲ್ಲ, ಇಳಿಜಾರಿನಲ್ಲಿ ಗಾಡಿ ಕೇಳೋದಿಲ್ಲ" ಎಂದರು. ಗಾಡಿಯನ್ನು ಮಾರಿಬಿಡುವ ಯೋಚನೆ ಅವರಿಗೆ ಬಂದಿತ್ತು. ಮಾರಿದರೆ ಮುಂದಿನ ಕಸುಬೇನು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ನಮ್ಮ ಬೀದಿಯ ಸೈಕಲ್ ರಿಪೇರಿಯವರ ಬಳಿ ಹಳೆಯ ಎಲೆಕ್ಟ್ರಿಕ್ ಸೈಕಲ್ಲೊಂದರಿಂದ ಬಿಚ್ಚಿದ ಹಬ್ ಮೋಟಾರೊಂದಿತ್ತು. ಅದರ ರಿಮ್ಮು ಸೊಟ್ಟಗಾಗಿ ಹೋಗಿತ್ತು, ಮೋಟಾರು ನೆಟ್ಟಗಿತ್ತು. ಹೊಸ ರಿಮ್ಮಿಗೆ ಕಟ್ಟಿ ಗಾಡಿಯ ಮುಂಚಕ್ರವಾಗಿ ಮಾಡಬಾರದೇ ಎಂದು ಕೇಳಿದೆ. ಅವರು ಅಡ್ಡಡ್ಡ ತಲೆಯಾಡಿಸಿದರು. ಅದರ ಕಾರಣವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು.

28 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರು ಸಾಗುತ್ತದೆ. ಗಂಟೆಗೆ 25 ಕಿಲೋಮೀಟರು ಓಡಬೇಕಾದರೆ ಅದು ನಿಮಿಷಕ್ಕೆ 190 ಸುತ್ತು ತಿರುಗಬೇಕು. ಸೈಕಲ್ಲಿನ ಹಬ್ ಮೋಟಾರನ್ನು ಹೆಚ್ಚು ಕಡಿಮೆ ಈ ವೇಗಕ್ಕೆ ಹೊಂದಿಸಿ ಮಾಡಿರುತ್ತಾರೆ. ನೀರು ಹೊತ್ತ ಗಾಡಿ ಏರಿನಲ್ಲಿ ಮನುಷ್ಯನ ನಡಿಗೆಯ ವೇಗಕ್ಕೆ ಇಳಿಯುತ್ತದೆ. ಆಗ ಮೋಟಾರು ತನ್ನ ಸಹಜ ವೇಗದ ಐದನೆಯ ಒಂದು ಪಾಲಿನಲ್ಲಿ ತಿಣುಕಬೇಕು. ಅಂಥ ಹೊತ್ತಿನಲ್ಲಿ ಬ್ಯಾಟರಿಯಿಂದ ಬಂದ ಶಕ್ತಿಯ ದೊಡ್ಡ ಭಾಗ ಚಕ್ರವನ್ನು ತಿರುಗಿಸುವುದಿಲ್ಲ. ತಂತಿಯ ಸುರುಳಿಗಳನ್ನು ಕಾಯಿಸುತ್ತದೆ. ಹೀಗೆ ದಿನವೂ ಕಾದರೆ ಸುರುಳಿ ಸುಟ್ಟುಹೋಗುತ್ತದೆ.

ಇದಕ್ಕೆ ಪರಿಹಾರ ಸೈಕಲ್ಲಿನಷ್ಟೇ ಹಳೆಯದು. ಮೋಟಾರನ್ನು ಗಾಡಿಯ ಚೌಕಟ್ಟಿನ ನಡುವೆ ಕೂರಿಸಿ, ಅದರ ಕವಚಕ್ಕೆ 24 ಹಲ್ಲಿನ ಚಿಕ್ಕ ಚಕ್ರವನ್ನೂ ಹಿಂದಿನ ಅಚ್ಚಿಗೆ 44 ಹಲ್ಲಿನ ದೊಡ್ಡ ಚಕ್ರವನ್ನೂ ತೊಡಿಸಿ, ಎರಡಕ್ಕೂ ಚೈನು ಹಾಕುವುದು. ಮೋಟಾರು ಹನ್ನೊಂದು ಸುತ್ತು ತಿರುಗಿದಾಗ ಅಚ್ಚು ಆರು ಸುತ್ತು ತಿರುಗುತ್ತದೆ. ಗಂಟೆಗೆ 25 ಕಿಲೋಮೀಟರು ಓಡಿಸಬಲ್ಲ ಮೋಟಾರು ಈಗ ಸುಮಾರು 13.6 ಕಿಲೋಮೀಟರಿಗಿಂತ ಹೆಚ್ಚು ಓಡಿಸದು. ಆದರೆ ಅದರ ತಿರುಗಿಸುವ ಬಲ 1.8 ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ನೀರಿನ ಗಾಡಿಗೆ ವೇಗ ಬೇಕಾಗಿಲ್ಲ, ಬಲ ಬೇಕು. ಏರಿನಲ್ಲಿ ಸವಾರನೂ ಪೆಡಲು ತುಳಿದು ತನ್ನ ಪಾಲನ್ನು ಕೊಡುತ್ತಾನೆ.

ಆ ದೊಡ್ಡ ಚಕ್ರ ನಮ್ಮ ಊರಿನ ಹಳೆಯ ಸೈಕಲ್ಲೊಂದರದು. ನಮ್ಮ ಬಹುಪಾಲು ಹಳೆಯ ಸೈಕಲ್ಲುಗಳಲ್ಲಿ ಹಲ್ಲುಚಕ್ರವನ್ನು ಕ್ರ್ಯಾಂಕಿಗೆ ಒತ್ತಿ ಕೂರಿಸಿರುತ್ತಾರೆ, ಬೋಲ್ಟುಗಳಿರುವುದಿಲ್ಲ. ಅದನ್ನು ಕ್ರ್ಯಾಂಕಿನಿಂದ ಗರಗಸದಲ್ಲಿ ಕೊಯ್ದು ಬಿಡಿಸಿ, ಅಚ್ಚಿಗೆ ಲೇತಿನಲ್ಲಿ ಕಡೆದ ಬಿಲ್ಲೆಯೊಂದರ ಮೇಲೆ ಬಿಗಿದರು. ಚಿಕ್ಕ ಚಕ್ರ ಗೇರಿನ ಸೈಕಲ್ಲೊಂದರ ಒಳಗಣ ಚಕ್ರ. ತೊಡಕು ಇದ್ದದ್ದು ಅಲ್ಲಿ.

ಹಬ್ ಮೋಟಾರಿನ ಬಲಗಡೆಯಲ್ಲಿ ಸಾಮಾನ್ಯವಾಗಿ ಫ್ರೀ ವೀಲ್ ಕೂರಿಸುವುದಕ್ಕೆ ಥ್ರೆಡ್ಡು ಕಡೆದಿರುತ್ತಾರೆ. ಅಲ್ಲಿಗೇ ಒಂದು ಹಲ್ಲುಚಕ್ರವನ್ನು ತಿರುಗಿಸಿ ಕೂರಿಸಿದರೆ ಸಾಲದೇ ಎಂದು ಯಾರಿಗಾದರೂ ತೋರುತ್ತದೆ. ಸಾಲದು. ಫ್ರೀ ವೀಲ್ ಚೈನಿನಿಂದ ಹಬ್ಬಿಗೆ ಬಲವನ್ನು ಕೊಡುತ್ತದೆ. ಹಬ್ಬಿನಿಂದ ಚೈನಿಗೆ ಕೊಡುವುದಿಲ್ಲ, ಟಿಕಟಿಕ ಎಂದು ಬರಿದೇ ತಿರುಗುತ್ತದೆ. ಫ್ರೀ ವೀಲನ್ನು ತೆಗೆದು ಬಿಗಿಯಾದ ಚಕ್ರವನ್ನೇ ಹಾಕಿದರೂ, ಚೈನು ಎಳೆದಾಗ ಬಿಗಿಯಾಗುವ ಆ ಥ್ರೆಡ್ಡು ಮೋಟಾರು ಎಳೆದಾಗ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಬಲ ಬರುವ ದಿಕ್ಕು ಬದಲಾದರೆ ಕಟ್ಟುವ ಕ್ರಮವೂ ಬದಲಾಗಬೇಕು. ಆದುದರಿಂದ ಉಳಿದದ್ದು ಎಡಗಡೆ. ಅಲ್ಲಿ ಡಿಸ್ಕ್ ಬ್ರೇಕಿನ ತಟ್ಟೆಯನ್ನು ಕಟ್ಟುವುದಕ್ಕೆಂದು 44 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಆರು ತೂತುಗಳಿರುತ್ತವೆ, ಒಂದೊಂದಕ್ಕೂ 5 ಮಿಲಿಮೀಟರ್ ಸ್ಕ್ರೂ. ಬ್ರೇಕಿನ ಸೆಳೆತವನ್ನು ತಾಳಬಲ್ಲ ತೂತುಗಳು ಚೈನಿನ ಸೆಳೆತವನ್ನೂ ತಾಳುತ್ತವೆ.

ನಮ್ಮಲ್ಲಿದ್ದ 24 ಹಲ್ಲಿನ ಚಕ್ರಕ್ಕಾದರೋ ಐದು ತೂತು, 74 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ. ರಿಪೇರಿಯವರು ಎರಡನ್ನೂ ಒಂದರ ಮೇಲೊಂದಿಟ್ಟು, "ಐದಕ್ಕೂ ಆರಕ್ಕೂ ಕೂಡಿ ಬರೋದಿಲ್ಲ, ಮೇಷ್ಟ್ರೇ" ಎಂದರು.

ಸಂಧಿಪ್ರಕರಣ ಇಲ್ಲಿ ಬರುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ವಿಚಾರ ಮಾಡಿದ ವಿಷಯ ಇದು. ನಮ್ಮ ಮಕ್ಕಳು ಇಂದಿಗೂ ಶಾಲೆಯಲ್ಲಿ ಕಲಿಯುತ್ತಾರೆ. ಕನ್ನಡದಲ್ಲಿ ಎರಡು ಶಬ್ದರೂಪಗಳು ಸಂಧಿಸುವ ಬಗೆ ಮೂರು. ಒಂದು ಲೋಪ: ಮಾತು, ಇಲ್ಲ ಎಂಬವು ಸೇರಿ ಮಾತಿಲ್ಲ ಎಂದಾಗುವಾಗ ಒಂದು ಸ್ವರ ಅಳಿಯುತ್ತದೆ. ಎರಡು ಆದೇಶ: ಮಳೆ, ಕಾಲ ಎಂಬವು ಮಳೆಗಾಲವಾಗುವಾಗ ಒಂದಕ್ಷರ ಹೋಗಿ ಅದರ ಸ್ಥಾನದಲ್ಲಿ ಇನ್ನೊಂದು ಬರುತ್ತದೆ. ಮೂರು ಆಗಮ: ಮನೆ, ಇಂದ ಎಂಬವು ಮನೆಯಿಂದ ಆಗುವಾಗ ಎರಡು ಸ್ವರಗಳ ನಡುವೆ ಯಕಾರ ಬಂದು ನಿಲ್ಲುತ್ತದೆ. ಮನೆಯೂ ಹಾಗೆಯೇ ಉಳಿಯುತ್ತದೆ, ಇಂದವೂ ಹಾಗೆಯೇ ಉಳಿಯುತ್ತದೆ.

ನಮ್ಮ ರಿಪೇರಿಯವರ ಮುಂದೆಯೂ ಇದ್ದದ್ದು ಈ ಮೂರೇ ಹಾದಿ. ಮೋಟಾರಿನ ಮುಚ್ಚಳದಲ್ಲಿ ಹಲ್ಲುಚಕ್ರಕ್ಕೆ ಸರಿಹೊಂದುವಂತೆ ಐದು ಹೊಸ ತೂತು ಕೊರೆಯಬಹುದು. ಅದು ಲೋಪ. ಅದರಿಂದ ಮುಚ್ಚಳದ ಬಲ ಕುಗ್ಗುತ್ತದೆ. ಕೊರೆದ ಪುಡಿ ಒಳಗೆ ಬಿದ್ದರೆ ಸುರುಳಿಗಳಿಗೂ ಹಲ್ಲುಗಾಲಿಗಳಿಗೂ ಅಪಾಯ. ಈ ಚಕ್ರವನ್ನು ಬಿಟ್ಟು ಆರು ತೂತಿನ ಬೇರೊಂದನ್ನು ಹೊಸದಾಗಿ ಕೊರೆಯಿಸಿ ತರಿಸಬಹುದು. ಅದು ಆದೇಶ. ಅದಕ್ಕೆ ಹಣ ಬೇಕು. ಗುಜರಿಯ ಚಕ್ರ ಗುಜರಿಗೇ ಹೋಗುತ್ತದೆ. ಮೂರನೆಯದು, ಎರಡರ ನಡುವೆ ಒಂದು ಉಕ್ಕಿನ ತಟ್ಟೆಯನ್ನಿಟ್ಟು ಅದರ ಒಳವೃತ್ತದಲ್ಲಿ ಆರು ತೂತು, ಹೊರವೃತ್ತದಲ್ಲಿ ಐದು ತೂತು ಮಾಡುವುದು. ಇಂಗ್ಲಿಷು ಬಲ್ಲವರು ಇದನ್ನು ಅಡಾಪ್ಟರ್ ಎನ್ನುತ್ತಾರೆ. ನಮ್ಮ ರಿಪೇರಿಯವರು ನಡುತಟ್ಟೆ ಎಂದರು. ನಾನು ಯಕಾರಾಗಮ ಎನ್ನುತ್ತೇನೆ.

ಆ ತಟ್ಟೆಯನ್ನು ಮಾಡುವ ಕ್ರಮ ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ತಾಳ್ಮೆ ಬೇಡುತ್ತದೆ. 5 ಮಿಲಿಮೀಟರ್ ದಪ್ಪದ ಉಕ್ಕನ್ನು ದುಂಡಗೆ ಕಡೆಯಬೇಕು. ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೈವಾರದಂಥದೇ ಉಕ್ಕಿನ ಕೈವಾರದಿಂದ 22 ಮಿಲಿಮೀಟರ್ ತ್ರಿಜ್ಯದ ವೃತ್ತ ಎಳೆದು, ಕೈವಾರವನ್ನು ಅಷ್ಟೇ ಅಗಲಕ್ಕೆ ಹಿಡಿದು ವೃತ್ತದ ಮೇಲೆ ಹೆಜ್ಜೆಯಿಡಿಸಿದರೆ ಆರು ಗುರುತುಗಳು ತಾವಾಗಿ ಬೀಳುತ್ತವೆ. ಐದರ ಮಾತು ಹಾಗಲ್ಲ. 37 ಮಿಲಿಮೀಟರ್ ತ್ರಿಜ್ಯದ ವೃತ್ತದಲ್ಲಿ 72 ಡಿಗ್ರಿಗೊಂದರಂತೆ ಗುರುತು ಬರಬೇಕಾದರೆ ಕೈವಾರದ ಹೆಜ್ಜೆ 43.5 ಮಿಲಿಮೀಟರ್ ಆಗಬೇಕು. ಐದನೆಯ ಹೆಜ್ಜೆ ಮೊದಲನೆಯ ಗುರುತಿನ ಮೇಲೆಯೇ ಬಂದು ನಿಂತರೆ ಅಳತೆ ಸರಿ. ಕೂದಲೆಳೆಯಷ್ಟು ಆಚೆ ಬಿದ್ದರೂ ಮತ್ತೆ ಮೊದಲಿನಿಂದ. ಆರನ್ನು ವೃತ್ತವೇ ಕೊಡುತ್ತದೆ, ಐದನ್ನು ನಾವು ಸಂಪಾದಿಸಬೇಕು. ಗುರುತುಗಳ ಮೇಲೆ ಸೆಂಟರ್ ಪಂಚಿನಿಂದ ಮೆಲ್ಲಗೆ ಕುಟ್ಟಿ, ಮೊದಲು ಸಣ್ಣ ತೂತು, ಆಮೇಲೆ ದೊಡ್ಡ ತೂತು ಕೊರೆಯಬೇಕು. ತಟ್ಟೆಯ ಅಂಚು ಚೈನಿನ ಪಕ್ಕದ ಪಟ್ಟಿಗಳಿಗೆ ತಾಗಕೂಡದು.

ಎಲ್ಲಕ್ಕಿಂತ ಮುಖ್ಯವಾದುದು ಕೇಂದ್ರ. ಮೋಟಾರಿನ ಕೇಂದ್ರವೂ ಹಲ್ಲುಚಕ್ರದ ಕೇಂದ್ರವೂ ಒಂದೇ ಆಗಬೇಕು. ಒಂದು ಮಿಲಿಮೀಟರ್ ಸರಿದರೂ ಚೈನು ಅರ್ಧ ಸುತ್ತಿಗೆ ಬಿಗಿಯುತ್ತದೆ, ಅರ್ಧ ಸುತ್ತಿಗೆ ಜೋಲುತ್ತದೆ. ಬಿಗಿದಾಗ ಬೇರಿಂಗು ಸವೆಯುತ್ತದೆ, ಜೋತಾಗ ಚೈನು ಹಲ್ಲಿನಿಂದ ಕಳಚುತ್ತದೆ. ಭಾರ ಹೊತ್ತು ಏರು ಹತ್ತುವಾಗ ಚೈನು ಕಳಚಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಬೀದಿಯಲ್ಲಿ ಮಕ್ಕಳಿರುತ್ತಾರೆ. ಈ ಕಾರಣದಿಂದ ರಿಪೇರಿಯವರು ತಟ್ಟೆಯನ್ನು ಕೂರಿಸಿ, ಪಕ್ಕದಲ್ಲಿ ಒಂದು ಮೊಳೆಯನ್ನು ಹಲ್ಲಿನ ತುದಿಗೆ ತಾಗೀತು ತಾಗದು ಎನ್ನುವಷ್ಟು ಹತ್ತಿರ ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಆ ಸಂದಿಯನ್ನೇ ಬಹಳ ಹೊತ್ತು ನೋಡುತ್ತಿದ್ದರು.

ಗುಜರಿಯಿಂದ ತರುವ ಚಕ್ರವನ್ನು ಆರಿಸುವುದಕ್ಕೂ ಒಂದು ವಿವೇಕ ಬೇಕು. ಹಲ್ಲಿನ ತುದಿ ಒಂದು ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಆ ಮುಖ ಸವೆದಿದೆ ಎಂದರ್ಥ. ಎರಡು ಮುಖವೂ ಒಂದೇ ಬಗೆಯಾಗಿರುವ ಚಕ್ರವನ್ನು ಮಗುಚಿ ಹಾಕಿದರೆ ಸವೆಯದ ಮುಖಕ್ಕೆ ಕೆಲಸ ಸಿಗುತ್ತದೆ. ಬಿರುಕು ಬಿಟ್ಟಿದ್ದರೆ ಮಾತ್ರ ಮುಟ್ಟಬಾರದು. ಹಳೆಯ ಚೈನನ್ನು ಬಳಸುವುದಾದರೆ ಅಳೆದು ನೋಡಬೇಕು: 24 ಕೊಂಡಿಗಳು ಸರಿಯಾಗಿ 12 ಅಂಗುಲವಿರಬೇಕು; ಅಂಗುಲದ ಎಂಟನೆಯ ಒಂದು ಪಾಲು ಹೆಚ್ಚಿದ್ದರೆ ಆ ಚೈನಿನ ಆಯುಸ್ಸು ತೀರಿದೆ. ದಪ್ಪ ಹಲ್ಲಿನ ಹಳೆಯ ಚಕ್ರಕ್ಕೆ ಅಗಲವಾದ ಚೈನೇ ಬೇಕು. ಆ ಅಗಲದ ಚೈನು ತೆಳುವಾದ ಹಲ್ಲಿನ ಮೇಲೂ ಓಡುತ್ತದೆ. ತೆಳುವಾದ ಚೈನು ದಪ್ಪ ಹಲ್ಲಿನ ಮೇಲೆ ಕೂರುವುದಿಲ್ಲ.

ನಮ್ಮ ದೇಶ 1956ರ ಕಾನೂನಿನ ಮೂಲಕ ಮೀಟರಿನ ಮಾನವನ್ನು ಒಪ್ಪಿಕೊಂಡಿತು. ತೂತುಗಳನ್ನು ಇಂದು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಆದರೆ ಸೈಕಲ್ಲಿನ ಚೈನಿನ ಕೊಂಡಿಯಿಂದ ಕೊಂಡಿಗೆ ಇರುವ ದೂರ ಇಂದಿಗೂ ಅರ್ಧ ಅಂಗುಲವೇ. ಹಳೆಯ ಸೈಕಲ್ಲಿಗೂ ಹೊಸ ಸೈಕಲ್ಲಿಗೂ, ಲೂಧಿಯಾನಕ್ಕೂ ವಿದೇಶಕ್ಕೂ ಅದೊಂದೇ ಅಳತೆ. ಈ ಅರ್ಧ ಅಂಗುಲವನ್ನು ಯಾರೂ ಗುಟ್ಟಾಗಿ ಇಟ್ಟುಕೊಳ್ಳಲಿಲ್ಲವಾದ್ದರಿಂದಲೇ ಎರಡು ಬೇರೆ ಬೇರೆ ಸೈಕಲ್ಲುಗಳ ಚಕ್ರಗಳು ಇಲ್ಲಿ ಒಂದು ಚೈನಿಗೆ ಒಗ್ಗಿದವು.

ಕೇಶಿರಾಜನನ್ನು ಓದಿದವರಿಗೆ ಇನ್ನೊಂದು ಮಾತು ನೆನಪಿರುತ್ತದೆ. ಸಂಧಿ ಮಾಡಬಾರದ ಸ್ಥಳಗಳೂ ಇವೆ. ಅದಕ್ಕೆ ಪ್ರಕೃತಿಭಾವ ಎಂದು ಹೆಸರು. "ಅಮ್ಮಾ, ಇತ್ತ ಬಾ" ಎಂದು ಕೂಗುವಾಗ ಆ ಎರಡು ಸ್ವರಗಳನ್ನು ಬೆಸೆಯಲಾಗದು. ಈ ಕೆಲಸದಲ್ಲಿಯೂ ಹಾಗೆಯೇ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಗುಜರಿಯಿಂದ ತಂದು ಬಿಚ್ಚಿ, ಬೇರೆ ಬೇರೆ ವಯಸ್ಸಿನ ಸೆಲ್ಲುಗಳನ್ನು ಕೂಡಿಸಿ ಕಟ್ಟುವುದು ಬೆಂಕಿಯೊಡನೆ ಆಟ. ಹಲ್ಲುಚಕ್ರ ಹಳೆಯದಾದರೂ ನಡೆದೀತು, ಬ್ಯಾಟರಿ ಹಾಗಲ್ಲ. ನಮ್ಮ ನೀರಿನವರು ಅದೊಂದಕ್ಕೆ ಮಾತ್ರ ಹೊಸದಾಗಿ ಹಣ ಹಾಕಿದರು.

ಇನ್ನು ಮೂರು ಎಚ್ಚರಗಳಿವೆ. ಕವಚ ಎಷ್ಟು ಬಲದಿಂದ ಮುಂದಕ್ಕೆ ತಿರುಗುವುದೋ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅಚ್ಚಿನ ಎರಡು ಚಪ್ಪಟೆ ಮುಖಗಳನ್ನು ಗಟ್ಟಿಯಾದ ಉಕ್ಕಿನ ಪಟ್ಟಿಯಲ್ಲಿ ಹಿಡಿಯದಿದ್ದರೆ ಅದು ತಿರುಗಿ, ತನ್ನೊಳಗಿನಿಂದ ಬರುವ ತಂತಿಗಳನ್ನು ತಾನೇ ಹರಿದುಕೊಳ್ಳುತ್ತದೆ. ಎರಡನೆಯದಾಗಿ, ಪಂಚೆಯ ಅಂಚೂ ಸೀರೆಯ ಸೆರಗೂ ಸಿಕ್ಕಿಕೊಳ್ಳದಂತೆ ಚೈನಿಗೆ ಮುಚ್ಚಳವಿರಬೇಕು. ಮೂರನೆಯದು ಬ್ರೇಕು. ಬ್ರೇಕಿನ ತಟ್ಟೆಗೆಂದು ಇದ್ದ ಜಾಗವನ್ನು ಹಲ್ಲುಚಕ್ರ ತೆಗೆದುಕೊಂಡಿತು. ಗಾಡಿಯ ಚಕ್ರಗಳಿಗೆ ಬೇರೆ ಬ್ರೇಕನ್ನು ಕಟ್ಟದೆ, ಬ್ರೇಕನ್ನು ಹಿಡಿದೊಡನೆ ಮೋಟಾರು ನಿಲ್ಲುವಂತೆ ಮಾಡದೆ, ಗಾಡಿಯನ್ನು ಬೀದಿಗೆ ಬಿಡುವಂತಿಲ್ಲ. ಏರನ್ನು ಗೆಲ್ಲಿಸಿ ಇಳಿಜಾರಿನಲ್ಲಿ ಕೈಬಿಟ್ಟರೆ ಉಪಕಾರವಾಗದು. ಮೋಟಾರಿನ ಕೆಲಸಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ದಿನ ಬ್ರೇಕಿನ ಕೆಲಸಕ್ಕೆ ಹಿಡಿಯಿತು.

ಇಲ್ಲಿ ನನಗೆ ಚಿಂತೆಗೆ ಕಾರಣವಾದ ಒಂದು ಸಂಗತಿಯನ್ನು ಹೇಳಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು ಅಲ್ಪಬಲದ ಬ್ಯಾಟರಿ ವಾಹನಕ್ಕೆ ವಿನಾಯಿತಿಯನ್ನೇನೋ ಕೊಟ್ಟಿವೆ. ಮೋಟಾರಿನ ಬಲ 250 ವಾಟಿಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದು, ಇತರ ಷರತ್ತುಗಳನ್ನೂ ಪೂರೈಸಿ, ಪರೀಕ್ಷಾ ಸಂಸ್ಥೆಯ ಅನುಮೋದನೆ ಪಡೆದಿದ್ದರೆ ಅದು ಮೋಟಾರು ವಾಹನವೆನಿಸುವುದಿಲ್ಲ. ದೊಡ್ಡ ಕಾರ್ಖಾನೆ ಒಂದು ಮಾದರಿಗೆ ಅನುಮೋದನೆ ಪಡೆದು ಅದೇ ಬಗೆಯ ಸಾವಿರ ಗಾಡಿಗಳನ್ನು ಮಾಡಬಲ್ಲದು. ಬೀದಿಯ ರಿಪೇರಿಯವರು ಮಾಡುವುದು ಒಂದೇ ಒಂದು ಗಾಡಿ. ಆ ಒಂದನ್ನು ಯಾರು ಪರೀಕ್ಷಿಸಬೇಕು? ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಬ್ರೇಕಿನ ವಿಷಯ ಬಲ್ಲವರು ಯಾರೂ ಹಾಗೆ ಹೇಳಲಾರರು. ಜಿಲ್ಲೆಗೊಂದು ಪಾಲಿಟೆಕ್ನಿಕ್ಕಿನಲ್ಲೋ ಐ.ಟಿ.ಐ.ಯಲ್ಲೋ ಇಂಥ ಗಾಡಿಯ ಬ್ರೇಕು, ವೇಗ, ತಂತಿ, ಬ್ಯಾಟರಿಗಳನ್ನು ನೋಡಿ ಸರಿಯಿದ್ದರೆ ಸರಿ, ತಪ್ಪಿದ್ದರೆ ತಿದ್ದಿ ಎಂದು ಹೇಳುವ ಏರ್ಪಾಡಾಗಬೇಕು ಎಂಬುದಷ್ಟೇ ನನ್ನ ಕೋರಿಕೆ. ಹಾಗಾಗದಿದ್ದರೆ ಈ ಕೆಲಸ ನಿಲ್ಲುವುದಿಲ್ಲ. ಕತ್ತಲಲ್ಲಿ ನಡೆಯುತ್ತದೆ, ಬ್ರೇಕಿಲ್ಲದೆ ನಡೆಯುತ್ತದೆ.

2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕು ಕೊಂಡವನದು ಎಂಬ ವಿಚಾರ ಹೀಗೆ ಸರಕಾರದ ಕಾಗದಕ್ಕೂ ಬಂದಿದೆ. ಆ ಹಕ್ಕು ಬೀದಿಯ ಅಂಗಡಿಯವರೆಗೆ ಇಳಿಯಬೇಕಾದರೆ ಅಳತೆ ಬಹಿರಂಗವಾಗಿರಬೇಕು. ಮೋಟಾರು ಮಾಡುವವರು ಅದರ ಕವಚದ ಮೇಲೆ ತೂತುಗಳ ಸಂಖ್ಯೆಯನ್ನೂ ವೃತ್ತದ ವ್ಯಾಸವನ್ನೂ ಅಚ್ಚೊತ್ತಿದರೆ ಅವರಿಗೆ ನಷ್ಟವೇನೂ ಇಲ್ಲ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಆದರೂ ಅಲ್ಲಿಂದ ಹೊರಟ ಸೈಕಲ್ಲುಗಳನ್ನು ಇಂದಿಗೂ ನಮ್ಮ ಅಂಗಡಿಗಳಲ್ಲಿ ರಿಪೇರಿ ಮಾಡುತ್ತಾರೆ. ಮಾಡಿದವರು ಹೋದರೂ ಅಳತೆ ಉಳಿದಿದೆ. ಇಂದು ಮಾರುತ್ತಿರುವ ಮೋಟಾರುಗಳ ಬಗ್ಗೆ ಇನ್ನು ಮೂವತ್ತು ವರ್ಷಗಳ ಮೇಲೆ ಈ ಮಾತನ್ನು ಹೇಳಲಾದೀತೇ?

ನೀರಿನ ಗಾಡಿ ಈಗ ಏರನ್ನು ಹತ್ತುತ್ತಿದೆ. ಪೆಡಲಿನ ಚೈನು ಬಲಗಡೆ, ಮೋಟಾರಿನ ಚೈನು ಎಡಗಡೆ. ಸವಾರ ಕೆಳಗಿಳಿದು ತಳ್ಳುವುದಿಲ್ಲ, ಕುಳಿತು ಮೆಲ್ಲಗೆ ತುಳಿಯುತ್ತಾರೆ. ಮಂಡಿನೋವು ಪೂರ್ತಿ ಹೋಗಿದೆ ಎಂದು ಅವರು ಹೇಳಲಿಲ್ಲ. ಗಾಡಿಯನ್ನು ಮಾರುವುದಿಲ್ಲ ಎಂದು ಹೇಳಿದರು. ಅದಕ್ಕಾಗಿ ಮೋಟಾರನ್ನು ಕೊರೆಯಬೇಕಾಗಲಿಲ್ಲ, ಹಲ್ಲುಚಕ್ರವನ್ನು ಎಸೆಯಬೇಕಾಗಲಿಲ್ಲ. ಎರಡನ್ನೂ ಅಳೆದು, ಎರಡಕ್ಕೂ ಒಪ್ಪುವ ಒಂದು ತಟ್ಟೆಯನ್ನು ನಡುವೆ ಇಟ್ಟದ್ದಾಯಿತು. ಹಳೆಯದನ್ನೂ ಹೊಸದನ್ನೂ ಕೂಡಿಸುವ ಪ್ರಸಂಗ ನಮ್ಮ ಬಾಳಿನಲ್ಲಿ ದಿನವೂ ಬರುತ್ತದೆ. ಆಗಲೂ ಮೊದಲು ಎರಡು ಕಡೆಯ ತೂತುಗಳನ್ನು ಎಣಿಸಿ ನೋಡುವುದು ಒಳ್ಳೆಯದು.